ಪಾಲಿಗೆ ಬಿದ್ದ ಚಿತ್ರ

ಗೆಳೆಯರೇ, ಮದ್ದೂರಿನ ಪಕ್ಕದ ಹಳ್ಳಿಯ ದೊಡ್ಡ ಹೆಂಚಿನ ಮನೆಯೊಂದರ ಚಿತ್ರ ಬರೆದಿದ್ದೆನಲ್ಲ, ಇವತ್ತು ಅದನ್ನು ಆ ಮನೆಯವರಿಗೇ ತೋರಿಸಿದೆ. ಪ್ಯಾರಿಸ್ಸಿನ ಹೊಸ ಶೈಲಿ ಅದು. ಗೋಡೆ, ಮಾಡು, ಗದ್ದೆ ಎಲ್ಲವೂ ಬರೀ ಚೌಕ, ತ್ರಿಕೋನಗಳು. ಊರಿಗೆ ಹೊಸ ನಾಲೆಯ ನೀರು ಬಂದ ಮೇಲೆ ಆ ಮನೆಯ ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳ ಹತ್ತಿದೆಯೆಂದು ನನಗೆ ತಿಳಿದಿರಲಿಲ್ಲ.

ಅಣ್ಣ ನೋಡಿದವನೇ ರೇಗಿದ. "ಮನೇನ ಇಂಗೆ ತುಂಡು ಮಾಡಿ ಅಂತ ನನ್ ತಮ್ಮ ಏಳ್ಕೊಟ್ನಾ ಮೇಷ್ಟ್ರೇ?"

ತಮ್ಮನಿಗೆ ಚಿತ್ರ ಹಿಡಿಸಿತು. ಎಲ್ಲಕ್ಕಿಂತ ದೊಡ್ಡದಾದ ನೀಲಿ ತ್ರಿಕೋನದ ಮೇಲೆ ಕೈಯಿಟ್ಟು, "ಮೇಷ್ಟ್ರು ಸರ್ಯಾಗೇ ಪಾಲು ಮಾಡವ್ರೆ ಕಣಣ್ಣ. ಇದು ನಂದು" ಎಂದ.

"ಕೈ ತೆಗೀಲಾ! ದೊಡ್ಡದು ದೊಡ್ಡೋನ್ಗೆ ಕಣ್ಲಾ."

"ಅದು ಆಕಾಶ ಕಣ್ರಪ್ಪ" ಎಂದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಒಬ್ಬರ ಅಂಗಿ ಒಬ್ಬರು ಹಿಡಿದಾಗಿತ್ತು.

ಗಲಾಟೆ ಕೇಳಿ ಅವರ ತಾಯಿ ಅಡುಗೆಮನೆಯಿಂದ ಹೊರಗೆ ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಇದ್ರಲ್ಲಿ ನಾನೆಲ್ಲಿ ಇರ್ಲಪ್ಪಾ?" ಎಂದು ಕೇಳಿದರು.

ಮಕ್ಕಳು ಅಂಗಿ ಬಿಟ್ಟರು. ಉತ್ತರ ಹೇಳಬೇಕಾದವನು ನಾನೇ ಎಂಬಂತೆ ಇಬ್ಬರೂ ನನ್ನ ಮುಖ ನೋಡಿದರು.