ಬಿರುಕಮ್ಮನ ಹನ್ನೊಂದು ವರ್ಷದ ಬಿರುಕು

ಅಣು ವಿದ್ಯುತ್ ಸ್ಥಾವರದಲ್ಲಿ ಆಕೆ ಎದುರಿಗೆ ಮೇಡಂ, ಬೆನ್ನ ಹಿಂದೆ ಬಿರುಕಮ್ಮ. ಇದು ಆಕೆಗೆ ಗೊತ್ತಿತ್ತು. ಬೇಜಾರಿರಲಿಲ್ಲ, ಒಳಗೊಳಗೇ ಸ್ವಲ್ಪ ಖುಷಿಯಿತ್ತು ಎಂದರೂ ತಪ್ಪಿಲ್ಲ. ಎರಡು ಪೈಪುಗಳನ್ನು ಬೆಸೆದ ಜಾಗಕ್ಕೆ ಜೆಲ್ ಸವರಬೇಕು, ಬೆಂಕಿಪೊಟ್ಟಣದಷ್ಟಿರುವ ಪ್ರೋಬನ್ನು ಅದರ ಪಕ್ಕ ಆಡಿಸಬೇಕು. ಮನುಷ್ಯರ ಕಿವಿಗೆ ಕೇಳಿಸದ ಸದ್ದು ಉಕ್ಕಿನೊಳಗೆ ಹೋಗಿ, ಎಲ್ಲಿಗಾದರೂ ತಾಗಿ ವಾಪಸ್ ಬಂದರೆ, ಪರದೆಯ ಮೇಲೆ ಒಂದು ಗೆರೆ ಮೇಲೇಳುತ್ತದೆ. ಆ ಗೆರೆ ನೋಡಿ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಆಕೆಯ ಕೆಲಸ. ಮೂವತ್ತೊಂದು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದಳು.

ಈ ಚಾಳಿ ಮನೆಗೂ ಅಂಟಿಕೊಂಡಿತ್ತು. ಪಾತ್ರೆ ಅಂಗಡಿಗೆ ಹೋದರೆ ಒಂದೊಂದು ಪಿಂಗಾಣಿ ಬಟ್ಟಲನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು ಕೇಳುತ್ತಿದ್ದಳು. ಗಂಡ ಅಷ್ಟು ಹೊತ್ತೂ ತನಗೂ ಈ ಹೆಂಗಸಿಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಬೀದಿಯಲ್ಲಿ ನಿಂತು ಆಕಾಶ ನೋಡುತ್ತಿದ್ದ. ಮಹಡಿಯ ಮೇಲೆ ಸಂಸಾರ ಹೂಡಿದ್ದ ಮೈದುನ ಅದೇ ಸ್ಥಾವರದಲ್ಲಿ ವೆಲ್ಡರ್. ಅವನಿಗಂತೂ ಅತ್ತಿಗೆಯನ್ನು ಕೆಣಕದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

"ನಾನು ಬೆಸುಗೆ ಹಾಕ್ತೀನಿ, ಹಿಂದೇನೇ ನೀವು ಬಂದು ಹುಳುಕು ಹುಡುಕ್ತೀರಿ. ಹೀಗಾದ್ರೆ ಒಂದೇ ಮನೇಲಿ ಹೇಗೆ ಅತ್ತಿಗೆ ಬದುಕೋದು?"

"ನೀನು ನೆಟ್ಟಗೆ ಹಾಕು. ನಾನು ಕೆಲಸ ಬಿಟ್ಟು ಮನೇಲಿ ಆರಾಮಾಗಿ ಕೂರ್ತೀನಿ."

ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದ್ದಾಗ ಆಕೆಗೊಂದು ಆಸೆ ಹುಟ್ಟಿತು. ತಪಾಸಣೆ ಮಾಡುವವರಿಗೆ ಪರೀಕ್ಷೆ ನಡೆಸಿ ಪರವಾನಗಿ ಕೊಡುವ ಪರೀಕ್ಷಕರ ಕುರ್ಚಿ ಖಾಲಿಯಾಗುವುದರಲ್ಲಿತ್ತು. ದಾಖಲೆಯಲ್ಲಿ ಒಂದೂ ತಪ್ಪಿಲ್ಲದವರಿಗೆ ಮಾತ್ರ ಅದು. ಆಕೆಯ ದಾಖಲೆಯಲ್ಲಿ ಹುಡುಕಿದರೂ ತಪ್ಪಿರಲಿಲ್ಲ. ಕುರ್ಚಿ ನಿಮಗೇ ಎಂದು ತಪಾಸಣೆ ವಿಭಾಗದ ಮುಖ್ಯಸ್ಥರು ಬಾಯಿಬಿಟ್ಟು ಹೇಳಿಯೂ ಆಗಿತ್ತು. ಬಿರುಕಮ್ಮ ಆ ಕುರ್ಚಿಯಲ್ಲಿ ಮನಸ್ಸಿನೊಳಗೇ ಎಷ್ಟು ಸಲ ಕೂತು ಎದ್ದಿದ್ದಳೋ ಲೆಕ್ಕವಿಲ್ಲ.

ಅಷ್ಟರಲ್ಲಿ ಸ್ಥಾವರ ಶಟ್‌ಡೌನ್ ಆಯಿತು. ಯಂತ್ರಗಳೆಲ್ಲ ನಿಂತಾಗಲೇ ಪೈಪುಗಳ ತಪಾಸಣೆ. ನಲವತ್ತೇಳನೇ ಬೆಸುಗೆ ಗೋಡೆಗೆ ಒತ್ತಿಕೊಂಡಂತಿರುವ ಒಂದು ಪೈಪಿನದು. ಅದರ ಹಿಂಬದಿಯನ್ನು ಹಳೆಯ ಕಬ್ಬಿಣದ ಪಟ್ಟಿಯೊಂದು ತಬ್ಬಿಕೊಂಡಿತ್ತು. ಈ ಸಲ ಪಟ್ಟಿ ಬದಲಾಯಿಸಲೆಂದು ಬಿಚ್ಚಿಟ್ಟಿದ್ದರು. ಬಿರುಕಮ್ಮ ಪ್ರೋಬನ್ನು ಹಿಂದಕ್ಕೆ ತೂರಿಸಿ ಆಡಿಸಿದಳು. ಗೆರೆ ಎದ್ದಿತು. ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯಿತು. ಉದ್ದ ಮೂವತ್ತೆಂಟು ಮಿಲಿಮೀಟರ್, ಆಳ ಮೂರು. ಅನುಮಾನಕ್ಕೆ ಜಾಗವೇ ಇಲ್ಲ, ಬಿರುಕು.

ಮಾರನೆಯ ಬೆಳಿಗ್ಗೆ ಸಭೆ. ಬಿರುಕು ಕಂಡ ಮಾತ್ರಕ್ಕೆ ಪೈಪು ಕತ್ತರಿಸಬೇಕೆಂದೇನೂ ಇಲ್ಲ. ಅದು ಎಷ್ಟು ಬೇಗ ಬೆಳೆಯುತ್ತಿದೆ ಎಂದು ಲೆಕ್ಕ ಹಾಕಿ, ಇನ್ನೆಷ್ಟು ಕಾಲ ಬಿಡಬಹುದೆಂದು ಹೇಳುವ ಎಂಜಿನಿಯರ್ ಒಬ್ಬಳಿದ್ದಳು. ದಪ್ಪ ಕನ್ನಡಕ, ಸಣ್ಣ ದನಿ. ಎಲ್ಲರೂ ಅವಳನ್ನು ಲೆಕ್ಕದವಳು ಎನ್ನುತ್ತಿದ್ದರು.

"ಹನ್ನೊಂದು ವರ್ಷದ ಹಿಂದಿನ ವರದಿ ಪ್ರಕಾರ ಇಲ್ಲಿ ಏನೂ ಇರಲಿಲ್ಲ" ಎಂದಳು ಲೆಕ್ಕದವಳು. "ಹಾಗಾದ್ರೆ ಇದು ಯಾವಾಗ ಹುಟ್ಟಿತು? ಹತ್ತು ವರ್ಷದ ಹಿಂದೆಯೂ ಇರಬಹುದು, ಹೋದ ವರ್ಷವೂ ಇರಬಹುದು. ಹೋದ ವರ್ಷ ಅಂತಾದ್ರೆ ವರ್ಷಕ್ಕೆ ಮೂರು ಮಿಲಿಮೀಟರ್ ಬೆಳೀತಿದೆ. ಪೈಪಿನ ದಪ್ಪ ಇರೋದೇ ಹದಿನಾಲ್ಕು. ನಾನು ಕೆಟ್ಟದ್ದನ್ನೇ ಹಿಡಿದು ಲೆಕ್ಕ ಹಾಕಬೇಕು ಸರ್. ಕತ್ತರಿಸಲೇಬೇಕು."

ಕತ್ತರಿಸುವುದೆಂದರೆ ನೀರು ಕುಡಿದಷ್ಟು ಸುಲಭವಲ್ಲ. ಆ ಕೋಣೆಯಲ್ಲಿ ವಿಕಿರಣವಿದೆ. ಒಬ್ಬ ಕೆಲವೇ ನಿಮಿಷ ಇರಬಹುದು, ಆಮೇಲೆ ಇನ್ನೊಬ್ಬ ಹೋಗಬೇಕು. ಹದಿನೆಂಟು ಜನ ವೆಲ್ಡರುಗಳ ಪಟ್ಟಿ ತಯಾರಾಯಿತು. ಮೊದಲ ಹೆಸರು ಮೈದುನನದು.

ಹನ್ನೊಂದು ವರ್ಷದ ಹಿಂದಿನ ವರದಿಯ ಕೆಳಗಿದ್ದದ್ದು ಬಿರುಕಮ್ಮನದೇ ಸಹಿ.

ಮಧ್ಯಾಹ್ನ ಊಟ ಬಿಟ್ಟು ಮೇಜಿನ ಖಾನೆ ಜಾಲಾಡಿದಳು. ಸ್ವಂತಕ್ಕೆಂದು ಬರೆದಿಟ್ಟುಕೊಳ್ಳುತ್ತಿದ್ದ ಹಳೆಯ ನೋಟುಪುಸ್ತಕ ತಳದಲ್ಲಿತ್ತು. ನಲವತ್ತೇಳನೇ ಬೆಸುಗೆಯ ಪುಟ ತೆರೆದಳು. ಪೆನ್ಸಿಲಿನಲ್ಲಿ ಬಿಡಿಸಿದ ಒಂದು ದೊಡ್ಡ ಗೆರೆ, ಪಕ್ಕದಲ್ಲಿ ಒಂದು ಪುಟ್ಟ ಗೆರೆ. ಬಿರುಕಿದ್ದರೆ ಅದರ ಬುಡಕ್ಕೆ ತಾಗಿ ಬಂದ ಸದ್ದು ದೊಡ್ಡ ಗೆರೆ, ತುದಿಗೆ ತಾಗಿ ಬಂದದ್ದು ಚಿಕ್ಕ ಗೆರೆ. ನಡುವಿನ ಅಂತರವೇ ಆಳ. ಬಿರುಕೇ ಆಗಿದ್ದರೆ ಎಂದು ಅಂದು ಅಳೆದು ಬರೆದಿದ್ದ ಅಂಕಿಯ ಮೇಲೆ ಬೆರಳಿಟ್ಟಳು. ಮೂರು ಮಿಲಿಮೀಟರ್.

ಎಲ್ಲ ನೆನಪಾಯಿತು. ಬೆಸುಗೆಯ ಒಳಬದಿಯಲ್ಲಿ ಕರಗಿದ ಲೋಹ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಅದೂ ಬಿರುಕಿನಂತೆಯೇ ಗೆರೆ ಎಬ್ಬಿಸಿ ಮೋಸ ಮಾಡುತ್ತದೆ. ಆದರೆ ಉಬ್ಬು ಪೈಪಿನ ಸುತ್ತ ಮುಂದುವರಿಯುತ್ತದೆ, ಬಿರುಕು ಒಂದು ಕಡೆ ನಿಲ್ಲುತ್ತದೆ. ಅಂದು ಗೆರೆ ಕಬ್ಬಿಣದ ಪಟ್ಟಿಯ ಕೆಳಗೆ ನುಸುಳಿ ಮಾಯವಾಗಿತ್ತು. ಪ್ರೋಬ್ ಅಲ್ಲಿಗೆ ಹೋಗುತ್ತಿರಲಿಲ್ಲ. ವಿಕಿರಣ ಅಳೆಯುವ ಡಬ್ಬಿ ಎದೆಯ ಮೇಲೆ ಕೂಗಿ ಹೊರಗೆ ನಡಿ ಎನ್ನುತ್ತಿತ್ತು. ಆಚೆ ಕಡೆಯೂ ಇದೇ ತಾನೇ ಇರುವುದು ಎಂದುಕೊಂಡು ಹೊರಬಂದು ವರದಿ ಬರೆದಿದ್ದಳು: ಸುತ್ತಲೂ ನೋಡಿದೆ, ಬರೀ ಉಬ್ಬು.

ಗೆರೆಯನ್ನು ತಪ್ಪಾಗಿ ಓದಿದ್ದರೆ ಕ್ಷಮೆಯಿದೆ, ಅದು ಯಾರಿಗಾದರೂ ಆಗುತ್ತದೆ. ಆದರೆ ಆಕೆ ಸುತ್ತಲೂ ನೋಡಿರಲಿಲ್ಲ. ಈ ಕಸುಬಿನಲ್ಲಿ ಅದಕ್ಕೆ ಕ್ಷಮೆಯಿಲ್ಲ. ನೋಟುಪುಸ್ತಕ ಒಂದಿದೆ ಎಂಬುದೇ ಆಕೆಗಲ್ಲದೆ ಇನ್ನಾರಿಗೂ ಗೊತ್ತಿರಲಿಲ್ಲ. ಖಾನೆ ಮುಚ್ಚಿದರೆ ಕುರ್ಚಿ ಆಕೆಯದು. ಬಿರುಕಮ್ಮ ಖಾನೆ ಮುಚ್ಚಿದಳು.

ಸಂಜೆ ಮನೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. "ಅಣ್ಣ, ನೋಡಿದ್ಯಾ? ನಿನ್ನ ಹೆಂಡತಿ ಬಿರುಕು ಹುಡುಕಿ ನನ್ನನ್ನ ಒಳಗೆ ಕಳಿಸ್ತಿದಾರೆ. ಎಷ್ಟು ದಿನದ ಸೇಡೋ ಏನೋ" ಎಂದು ಮೈದುನ ಎಂದಿನಂತೆ ನಗಾಡಿದ. ಅವನ ಹೆಂಡತಿ ನಗಲಿಲ್ಲ. ಲೋಟ ತೊಳೆಯುವ ನೆಪದಲ್ಲಿ ಬಿರುಕಮ್ಮನ ಹಿಂದೆಯೇ ಅಡಿಗೆಮನೆಗೆ ಬಂದಳು.

"ಅಕ್ಕ, ಅಷ್ಟೊಂದು ಜನ ಒಳಗೆ ಹೋಗಲೇಬೇಕಾ? ಹೋಗಲೇಬೇಕು ಅಂದ್ರೆ ಹೋಗ್ಲಿ, ಅವರ ಕೆಲಸಾನೇ ಅದು. ನೀವು ಹೌದು ಅಂದ್ರೆ ನನಗೆ ಸಮಾಧಾನ."

ಬಿರುಕಮ್ಮನ ಬಾಯಿಂದ ಹೌದು ಬರಲಿಲ್ಲ. "ನಾಳೆ ಹೇಳ್ತೀನಿ ಕಣೆ" ಎಂದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮರುದಿನ ಎಂಟು ಗಂಟೆಗೆ ಮುಖ್ಯಸ್ಥರ ಕೋಣೆಗೆ ಹೋಗಿ, ಲೆಕ್ಕದವಳನ್ನೂ ಕರೆಸಿ, ಪುಟ ತೆರೆದು ಮೇಜಿನ ಮೇಲಿಟ್ಟಳು. ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಡಬ್ಬಿ ಕೂಗಿದ್ದರಿಂದ ಹೀಗಾಯಿತು ಎಂಬ ನೆಪ ಎಲ್ಲಿಯೂ ಹೇಳಲಿಲ್ಲ.

"ತಪ್ಪು ನಂದು ಸರ್. ಆ ಕಡೆ ನಾನು ನೋಡಿರಲಿಲ್ಲ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಲೆಕ್ಕದವಳು ಮಾತ್ರ ಪುಟದ ಮೇಲೆ ಬಗ್ಗಿಬಿಟ್ಟಿದ್ದಳು. "ಮೇಡಂ, ಆಗಲೂ ಮೂರು, ಈಗಲೂ ಮೂರು. ಇದು ಹನ್ನೊಂದು ವರ್ಷದಲ್ಲಿ ಬೆಳೆದೇ ಇಲ್ಲ" ಎಂದಳು. ಅವಳ ಸಣ್ಣ ದನಿ ಮೊದಲ ಸಲ ದೊಡ್ಡದಾಗಿತ್ತು.

ಬೇರೊಬ್ಬ ತಪಾಸಣೆಗಾರ ಒಳಗೆ ಹೋಗಿ ಬಿರುಕನ್ನು ಮತ್ತೆ ಅಳೆದ. ಲೆಕ್ಕದವಳು ಎರಡು ದಿನ ಅಂಕಿಗಳ ಜೊತೆ ಗುದ್ದಾಡಿದಳು. ಪೈಪು ಹಾಗೇ ಇರಲಿ, ಪ್ರತಿ ಶಟ್‌ಡೌನಿನಲ್ಲೂ ನೋಡುತ್ತಿರಿ ಎಂದು ತೀರ್ಮಾನವಾಯಿತು. ಹದಿನೆಂಟು ಜನರ ಪಟ್ಟಿ ಕಸದ ಬುಟ್ಟಿಗೆ ಹೋಯಿತು. ಬಿರುಕಮ್ಮನ ಪರವಾನಗಿ ಆರು ತಿಂಗಳು ಅಮಾನತಾಯಿತು. ಪರೀಕ್ಷಕರ ಕುರ್ಚಿ ಆಕೆಯ ಶಿಷ್ಯನಿಗೆ ಹೋಯಿತು. ಆಕೆಯ ಕೈಕೆಳಗೇ ಪ್ರೋಬ್ ಹಿಡಿಯಲು ಕಲಿತವನು. ಸುದ್ದಿ ಬಂದ ದಿನ ಕೈ ತೊಳೆಯುವ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಚೆನ್ನಾಗಿ ಅತ್ತಳು. ಆಮೇಲೆ ಮುಖ ತೊಳೆದು ಹೊಟ್ಟೆ ತುಂಬ ಊಟ ಮಾಡಿದಳು.

ಆ ಸಂಜೆ ಮೈದುನ ಮೆಟ್ಟಿಲು ಇಳಿದು ಬಂದು ಆಕೆಯ ಎದುರಿಗೆ ಕೂತ.

"ಅತ್ತಿಗೆ, ತಪ್ಪು ನಂದು ಅಂತ ನಿಮ್ಮ ಬಾಯಲ್ಲಿ ಬಂತಂತೆ. ಅಣ್ಣ ಇಪ್ಪತ್ತೆಂಟು ವರ್ಷದಿಂದ ಆ ಮಾತಿಗೆ ಕಾಯ್ತಾ ಇದ್ದ."

"ಆಫೀಸಿಗೆ ಮಾತ್ರಾನಾ, ಇಲ್ಲ ಮನೆಗೂ ಅನ್ವಯಿಸುತ್ತಾ?" ಎಂದು ಗಂಡ ಪೇಪರಿನ ಹಿಂದಿನಿಂದ ಕೇಳಿದ.

"ಆಫೀಸಿಗೆ ಮಾತ್ರ" ಎಂದಳು ಬಿರುಕಮ್ಮ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೈದುನನ ಹೆಂಡತಿ.

ಆರು ತಿಂಗಳಾದ ಮೇಲೆ ಪರವಾನಗಿ ವಾಪಸ್ ಪಡೆಯಲು ಬಿರುಕಮ್ಮ ಪರೀಕ್ಷೆಗೆ ಕೂತಳು. ಸುತ್ತ ಇಪ್ಪತ್ತು ಜನ, ಎಲ್ಲರೂ ಆಕೆಯ ಮಕ್ಕಳ ವಯಸ್ಸಿನವರು. ಎದುರಿಗೆ ಶಿಷ್ಯ, ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿ ನೋಡುತ್ತಿದ್ದ. "ನನ್ನ ಮುಖ ನೋಡಿ ಪಾಸು ಮಾಡಬೇಡ ಮತ್ತೆ" ಎಂದು ಆಕೆಯೇ ಅವನ ಮುಜುಗರ ಬಿಡಿಸಿದಳು. ಒಬ್ಬೊಬ್ಬರಿಗೂ ಒಂದೊಂದು ಪೈಪಿನ ತುಂಡು. ಬಿರುಕು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಆಕೆ ತನ್ನ ತುಂಡನ್ನು ಒಂದು ಸುತ್ತು ನೋಡಿದಳು, ಇನ್ನೊಂದು ಸುತ್ತು ನೋಡಿದಳು, ಬರೆದಳು. ಕೊನೆಗೆ ಎಲ್ಲರೂ ತುಂಬಬೇಕಾದ ಒಂದು ಹಾಳೆ. ಹಿಂದೆ ಪರವಾನಗಿ ಅಮಾನತಾಗಿದೆಯೇ? ಆಗಿದ್ದರೆ ಕಾರಣ?

ಬಿರುಕಮ್ಮ ದುಂಡು ಅಕ್ಷರದಲ್ಲಿ ಬರೆದಳು: ನೋಡದೆ ಬರೆದೆ.

ಪಕ್ಕದಲ್ಲಿ ಕೂತಿದ್ದ ಮೀಸೆಯವನು ಬೇರೆ ಯಾವುದೋ ಸ್ಥಾವರದಿಂದ ಬಂದವನು, ಆಕೆ ಯಾರೆಂದು ತಿಳಿಯದವನು. ಅವನು ಕತ್ತು ಉದ್ದ ಮಾಡಿ ಆ ಎರಡು ಪದ ಓದಿದ. ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚುತ್ತ ಕೂತ. ಆಮೇಲೆ ತನ್ನ ಉತ್ತರದಲ್ಲಿ ಸುತ್ತಲೂ ನೋಡಿದೆ ಎಂದು ಬರೆದಿದ್ದ ಕೊನೆಯ ಸಾಲನ್ನು ಹೊಡೆದುಹಾಕಿ, ಜೆಲ್ಲಿನ ಡಬ್ಬಿ ಎತ್ತಿಕೊಂಡು ಎದ್ದು ತನ್ನ ಪೈಪಿನ ಕಡೆಗೆ ಹೋದ.