ಎಚ್‌ಡಿ ಚಿತ್ರಕ್ಕೆ ಅಜ್ಜಿಯ ತೀರ್ಪು

ನಮ್ಮ ಮನೆತನದ ಗಂಡಸರಿಗೆ ಡಾಕ್ಟರಿಗಿಂತ ರಿಮೋಟಿನ ಮೇಲೆ ನಂಬಿಕೆ ಹೆಚ್ಚು. ಇಲ್ಲದಿದ್ದರೆ, ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ ಎಂದು ತಿಳಿದ ಮೇಲೆ ಟಿ.ವಿ. ರಿಪೇರಿಗೆ ಇಳಿಯುವ ಜನ ಇಡೀ ತುಮಕೂರಿನಲ್ಲಿ ಇನ್ನೆಲ್ಲಿ ಸಿಕ್ಕಾರು?

ಅಜ್ಜಿ ನಿಟ್ಟೂರಿನ ತೆಂಗಿನ ತೋಟ ಬಿಟ್ಟು ಮರಳೂರಿನ ಚಿಕ್ಕಪ್ಪನ ಮನೆಗೆ ಬಂದದ್ದೇ ಕಣ್ಣು ತೋರಿಸಲು. ಓದು ಮುಗಿಸಿ, ಕೆಲಸ ಹುಡುಕುವ ನಟನೆ ಮಾಡಿಕೊಂಡು ನಾನೂ ಅಲ್ಲೇ ಬಿದ್ದುಕೊಂಡಿದ್ದೆ. ಕಂಡವರ ದನಿಯನ್ನೆಲ್ಲ ಅಣಕಿಸುವುದೊಂದೇ ನನ್ನ ವಿದ್ಯೆ. ಸಂದರ್ಶನಕ್ಕೆ ಹೋದರೂ ಎದುರಿಗೆ ಕೂತವರ ದನಿಯಲ್ಲೇ ಉತ್ತರ ಕೊಟ್ಟು ಎದ್ದು ಬರುವ ಗಿರಾಕಿ ನಾನು.

ಪೊರೆ ಬಲಿತಿದೆ, ಇನ್ನು ತಡ ಮಾಡಬೇಡಿ, ಬುಧವಾರ ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ಅಜ್ಜಿ ಆಟೋ ಇಳಿದು ಮನೆಗೆ ಬಂದು ಟಿ.ವಿ. ಮುಂದೆ ಕೂತು ಹೇಳಿತು:

"ನನ್ ಕಣ್ಣಿಗೆ ಏನೂ ಆಗಿಲ್ಲ ಕಣ್ರೋ. ನಿಮ್ ಟಿ.ವಿ.ನೇ ಮಬ್ಬು. ಮೊದ್ಲು ಅದನ್ನ ಸರಿ ಮಾಡ್ಸಿ. ಆಮ್ಯಾಕೂ ಕಾಣ್ದಿದ್ರೆ ಕುಯ್ಸಾನ."

ಕಣ್ಣಿಗೆ ಕತ್ತರಿ ಹಾಕುತ್ತಾರೆಂದರೆ ಅಜ್ಜಿಯ ಕೈಕಾಲು ತಣ್ಣಗಾಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಟಿ.ವಿ.ಯೂ ನಿಜಕ್ಕೂ ಮಬ್ಬಾಗಿತ್ತಲ್ಲ! ಗೋಡೆಯಗಲದ ಟಿ.ವಿ., ಕೇಬಲ್‌ನವನು ಕೊಟ್ಟ ಎಚ್‌ಡಿ ಬಾಕ್ಸು, ಅದಕ್ಕೊಂದು ಎಚ್‌ಡಿ ಪ್ಯಾಕು. ಇಷ್ಟಿದ್ದೂ ತೆರೆಯ ಮೇಲಿನ ಮುಖಗಳೆಲ್ಲ ನೆನೆಹಾಕಿದ ಅವಲಕ್ಕಿಯಂತೆ ಊದಿಕೊಂಡಿದ್ದವು. ಕೇಳಿದರೆ ಚಿಕ್ಕಪ್ಪ, "ಎಚ್‌ಡಿ ಅಂದ್ರೆ ಹಂಗೇ ಕಣೋ, ಜನ ಸ್ವಲ್ಪ ದಪ್ಪ ಕಾಣ್ತಾರೆ" ಎನ್ನುತ್ತಿದ್ದರು. ಇಂಥವರು ಆಫೀಸಿನಲ್ಲಿ ಫೈಲಿಗೆ ಸಹಿ ಹಾಕುತ್ತಾರೆ.

ಸುದ್ದಿ ಕುಣಿಗಲ್ ಮುಟ್ಟಿತು. ಅಕ್ಕನ ಗಂಡ, ಅಂದರೆ ನನ್ನ ಭಾವ, ಶನಿವಾರವೇ ಬೈಕೇರಿ ಬಂದರು. ದಾರಿಯಲ್ಲಿ ಶಿರಾ ಗೇಟಿನ ಅಂಗಡಿಗೆ ಸುತ್ತಿಕೊಂಡು ಹೋಗಿ ಒಂದು ಛತ್ರಿಯನ್ನೂ ತಂದಿದ್ದರು. ಛತ್ರಿ ಎಂದರೆ ಮಳೆಯದಲ್ಲ, ಮಹಡಿಯ ಮೇಲೆ ನಿಲ್ಲಿಸುವ ಡಿಶ್ಶು.

"ಮಾವ, ಈ ಡಬ್ಬ ಯಾಕ್ ಬೇಕು? ಸಿಗ್ನಲ್ ಹಿಡಿಯೋ ಟ್ಯೂನರ್ ಟಿ.ವಿ. ಒಳಗೇ ಐತೆ. ಛತ್ರಿ ವೈರ್ ಸೀದಾ ಚುಚ್ಚಿದ್ರೆ ಮುಗೀತು. ನಡುವೆ ಯಾರೂ ಇಲ್ಲ, ತಿಂಗ್ಳ ದುಡ್ಡೂ ಇಲ್ಲ, ಆಕಾಶದಿಂದ ಡೈರೆಕ್ಟು."

"ಪುಕ್ಸಟ್ಟೆ ಬರೋದ್ರಲ್ಲಿ ಎಚ್‌ಡಿ ಇರುತ್ತಾ ಅಳಿಯಂದ್ರೆ?" ಎಂದರು ಚಿಕ್ಕಪ್ಪ. ಬಿಟ್ಟಿ ಬಂದದ್ದು ಚೆನ್ನಾಗಿದ್ದರೆ ಅವರಿಗೆ ಅವಮಾನ.

ಭಾವ ಮಹಡಿ ಹತ್ತಿ ಛತ್ರಿ ತಿರುಗಿಸಿದರು. ಬಂತೋ ಇಲ್ಲವೋ ಎಂದು ಕೆಳಗಿನಿಂದ ಕೂಗುವ ಕೆಲಸ ನನ್ನದು. ಸಿಗ್ನಲ್ ಬಂದ ಮೇಲೂ ಚಿಕ್ಕಪ್ಪನ ದನಿಯಲ್ಲಿ, "ಹೋಯ್ತು ಅಳಿಯಂದ್ರೆ, ಇನ್ನೊಂಚೂರು ಪಡುವಣಕ್ಕೆ" ಎಂದು ಕೂಗಿ ಅವರನ್ನು ಬಿಸಿಲಲ್ಲಿ ಬಾಡಿಸಿದೆ. ಕೊನೆಗೆ ಸರ್ಕಾರಿ ಚಾನೆಲ್ಲಿನ ಕೃಷಿ ಕಾರ್ಯಕ್ರಮ ತೆರೆಯ ಮೇಲೆ ನಿಂತಿತು. ಒಪ್ಪಿಕೊಳ್ಳಲೇಬೇಕು, ಚಿತ್ರ ಚೊಕ್ಕವಾಗಿತ್ತು.

"ಅಯ್ಯಪ್ಪ! ಕನ್ನಡೀಲಿ ಕಂಡಂಗೆ ಕಾಣ್ತೈತೆ" ಎಂದಿತು ಅಜ್ಜಿ. "ಇನ್ ಆಪರೇಸನ್ ಯಾಕೆ? ಬುಡಿ ಅತ್ಲಾಗೆ."

ಭಾವ ಅಲ್ಲೇ ನಿಂತು ಕುಣಿಗಲ್‌ಗೆ ಫೋನ್ ಮಾಡಿ, ಟ್ಯೂನರ್ ಗೆದ್ದಿತು ಎಂದು ಅಕ್ಕನಿಗೆ ಸಾರಿದರು. ಚಿಕ್ಕಪ್ಪ ಮಧ್ಯಾಹ್ನದ ಊಟ ಬಿಟ್ಟರು. ಬುಧವಾರ ಆಸ್ಪತ್ರೆಗೆ ಹೋಗುವುದು ಬೇಡವೆಂದಾಯಿತು. ಅಜ್ಜಿಗೆ ಕಂಡದ್ದಾದರೂ ಏನು ಎಂದು ಕೇಳುವ ಪುರುಸೊತ್ತು ಇಬ್ಬರು ವೀರರಿಗೂ ಇರಲಿಲ್ಲ.

ಊಟ ಬಿಟ್ಟವರ ಮುಖ ನೋಡಲಾರದೆ ನಾನು ಟಿ.ವಿ.ಯ ಹಿಂದೆ ಇಣುಕಿದೆ. ಎಚ್‌ಡಿ ಬಾಕ್ಸಿನಿಂದ ಟಿ.ವಿ.ಗೆ ಹಳೇ ಕಾಲದ ಹಳದಿ, ಕೆಂಪು, ಬಿಳಿ ಮೂತಿಯ ವೈರು ಸಿಕ್ಕಿಸಿದ್ದರು. ಬೋರ್‌ವೆಲ್ ಕೊರೆಸಿ ಸ್ಟ್ರಾ ಹಾಕಿ ನೀರು ಕುಡಿಯುವ ವೈಭವ.

"ಚಿಕ್ಕಮ್ಮ, ಬಾಕ್ಸಿನ ಜೊತೆ ಬಂದ ಎಚ್‌ಡಿಎಂಐ ವೈರ್ ಎಲ್ಲಿ?"

"ಬೀರುನಲ್ಲಿ ಐತೆ. ಹೊಸದು ಕಣೋ, ಅಷ್ಟ್ ಚೆನ್ನಾಗೈತೆ, ಹಾಕಿ ಹಾಳ್ ಮಾಡೋದಾ?"

ರೇಷ್ಮೆ ಸೀರೆಗಳ ನಡುವಿನಿಂದ, ನುಸಿಗುಳಿಗೆಯ ವಾಸನೆಯೊಂದಿಗೆ ವೈರು ಹೊರಬಂತು. ಸಿಕ್ಕಿಸಿದೆ. ಊದಿದ್ದ ಮುಖಗಳು ಇಳಿದವು, ಬಾಕ್ಸಿನ ಚಿತ್ರವೂ ಚೊಕ್ಕವಾಯಿತು. ನನ್ನ ಕಣ್ಣಿಗೆ ಎರಡೂ ಒಂದೇ. ಅಷ್ಟಕ್ಕೆ ಬಿಟ್ಟರೆ ಅವರು ಗಂಡಸರು ಹೇಗಾದಾರು?

"ಎಲೆ ತುದಿ ನೋಡಿ ಮಾವ, ಟ್ಯೂನರ್‌ನಲ್ಲಿ ಎಷ್ಟ್ ಶಾರ್ಪು!"

"ಎಲೆ ತುದಿ ಕಟ್ಕೊಂಡು ಏನ್ ಮಾಡ್ಲಿ? ಬಾಕ್ಸ್ ಕಲರ್ ನೋಡ್ರಿ! ಅವ್ವನೇ ಹೇಳ್ಲಿ ಬುಡಿ."

ಪೊರೆ ತುಂಬಿದ ಕಣ್ಣಿನ ಮುದುಕಿಯನ್ನು ಚಿತ್ರದ ಗುಣಮಟ್ಟಕ್ಕೆ ನ್ಯಾಯಾಧೀಶರನ್ನಾಗಿ ಕೂರಿಸಿದರು. ಎರಡರಲ್ಲೂ ಅದೇ ಚಾನೆಲ್. ಚಿಕ್ಕಪ್ಪ ರಿಮೋಟ್ ಒತ್ತಿ, "ಇದು ಬಾಕ್ಸು, ಈಗ ಟ್ಯೂನರು" ಎಂದರು. ಗುಂಡಿ ಕೆಲಸ ಮಾಡದೆ ಚಿತ್ರ ಬದಲಾಗಿಯೇ ಇರಲಿಲ್ಲ. ಅಜ್ಜಿ ಗಂಭೀರವಾಗಿ ತಲೆಯಾಡಿಸಿ, "ಎರಡ್ನೇದೇ ಒಸಿ ವಾಸಿ" ಎಂದಿತು. ಭಾವ ತೊಡೆ ತಟ್ಟಿಕೊಂಡರು.

ನನಗೆ ಅನುಮಾನ ಬಂದದ್ದು ಆಗ. ರಿಮೋಟ್ ಕಿತ್ತುಕೊಂಡು ಟಿ.ವಿ.ಯ ದನಿ ಅಡಗಿಸಿದೆ. ಪಕ್ಕದಲ್ಲಿ ನಿಂತು, ಅಜ್ಜಿ ದಿನವೂ ಶಾಪ ಹಾಕುವ ಧಾರಾವಾಹಿಯ ಅತ್ತೆಯ ದನಿ ತೆಗೆದೆ:

"ಈ ಮನೇಲಿ ನನ್ನ ಮಾತು ಮೀರಿ ಒಂದು ಕಡ್ಡೀನೂ ಅಲ್ಲಾಡಬಾರದು, ತಿಳೀತಾ?"

ಅಜ್ಜಿ ನೆಟ್ಟಗೆ ಕೂತಿತು. "ಬಂದ್ಲಾ ಹಾಳಾದೋಳು! ನೋಡ್ಲಾ, ಹೆಂಗ್ ಕಣ್ ತಿರುಗುಸ್ತಾಳೆ. ಹಸ್ರು ಸೀರೆ ಬ್ಯಾರೆ ಕೇಡು ಇವ್ಳಿಗೆ."

ತೆರೆಯ ಮೇಲೆ ಯಾವ ಅತ್ತೆಯೂ ಇರಲಿಲ್ಲ. ತೆರೆತುಂಬ ಒಂದು ತೆಂಗಿನ ಮರ, ಅದರ ಹಸಿರು ಗರಿಗಳು ಗಾಳಿಗೆ ಆಡುತ್ತಿದ್ದವು.

ನಗಲು ಬಾಯಿ ತೆರೆದವನಿಗೆ ನಗು ಬರಲಿಲ್ಲ. ಚಿಕ್ಕಪ್ಪ ನೆಲ ನೋಡಿದರು. ಭಾವ ಮಾತ್ರ, "ಆದ್ರೂ ಹಸ್ರು ಅಂತ ಕರೆಕ್ಟಾಗೇ ಹೇಳಿದ್ರಲ್ಲ ಮಾವ, ಕ್ಲಾರಿಟಿ ಐತೆ" ಎಂದರು. ಇಂಥ ಮಾತನ್ನು ಅಣಕಿಸಲು ನನಗೆ ಈವತ್ತಿಗೂ ಸಾಧ್ಯವಾಗಿಲ್ಲ. ಅಣಕಕ್ಕೂ ಒಂದು ಮಿತಿ ಇದೆ.

ಭಾವನ ಮಾತು ಅಜ್ಜಿಯ ಕಿವಿಗೆ ಬಿತ್ತು. "ಏನ್ಲಾ, ದನಿ ನಿಂದಾ? ಅಲ್ಲೇನೈತೆ, ದಿಟ ಹೇಳು."

"ತೆಂಗಿನ ಮರ ಅಜ್ಜಿ."

"ತೆಂಗಿನ್ ಮರಾನಾ?"

ನಿಟ್ಟೂರಿನಲ್ಲಿ ಸಸಿಗೆ ನೀರು ಹೊತ್ತು ಮರ ಮಾಡಿದ ಕೈ ಸೆರಗಿನ ಅಂಚನ್ನು ಸುತ್ತತೊಡಗಿತು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿತು. ಆಮೇಲೆ ನನ್ನ ತೋಳು ಹುಡುಕಿ ಹಿಡಿದುಕೊಂಡು ಅಜ್ಜಿ ಹೇಳಿತು:

"ಬುಧವಾರ ಹೋಗಾನ ನಡಿ. ನೀನೊಬ್ನೇ ಬಾ. ಇವರಿಬ್ರೂ ಬ್ಯಾಡ. ಆಸ್ಪತ್ರೇಲೂ ಟಿ.ವಿ. ಮಡಗಿರ್ತಾರೆ."