ಬಂಡೆಯ ಮೇಲಿನ ಎರಡು ಟಿಕ್

ಕಾಡಿನೊಳಗೆ ಮೊಬೈಲ್ ಟವರ್ ಬೇಕೋ ಬೇಡವೋ ಎಂದು ಕೇಳಲು ಹೋದ ವರ್ಷ ನಮ್ಮ ಕ್ಯಾಂಪಿಗೆ ಒಬ್ಬ ಸಾಹೇಬರು ಬಂದಿದ್ದರು. ನಾನು ಆ ಕ್ಯಾಂಪಿನ ಅಡಿಗೆಯವ. ಊರು ಆಳಂದ ತಾಲ್ಲೂಕಿನ ಹಿರೋಳ್ಳಿ. ದುಡಿಯುವುದು ರಾಜ್ಯದ ಇನ್ನೊಂದು ತುದಿಯ ರಾಷ್ಟ್ರೀಯ ಉದ್ಯಾನದಲ್ಲಿ. ಕಳ್ಳಬೇಟೆ ತಡೆಯಲು ಕಾಡು ತಿರುಗುವ ನಾಲ್ಕು ಮಂದಿ ಕಾವಲುಗಾರರಿಗೆ ಬೇಯಿಸಿ ಹಾಕುತ್ತೇನೆ. ಶಾಲೆ ಕಂಡದ್ದು ಏಳನೇ ತರಗತಿವರೆಗೆ. ನನ್ನಂಥವನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಕಾವಲುಗಾರರು ನಾಲ್ವರೂ ಬೇಕು ಎಂದರು. ಅವರಲ್ಲಿ ಚಿಕ್ಕವನ ಹೆಂಡತಿ ತುಂಬು ಬಸುರಿ. "ವೈರ್‌ಲೆಸ್ಸಲ್ಲಿ ಆನೆ ಸುದ್ದಿ ಹೇಳ್ಬೋದು ಸಾರ್, ಹೆಂಡ್ತಿಗೆ ಊಟ ಆಯ್ತಾ ಅಂತ ಕೇಳಕ್ಕಾಯ್ತದಾ?" ಎಂದ. ಸಾಹೇಬರೂ ನಕ್ಕರು. ನನ್ನ ಸರದಿ ಬಂದಾಗ "ಬ್ಯಾಡ್ರಿ" ಎಂದೆ.

ಕಾರಣಗಳನ್ನು ಒಳ್ಳೆಯವೇ ಕೊಟ್ಟೆ. ಟವರ್ ಬಂದರೆ ಅದರ ಹಿಂದೆ ಡೀಸೆಲ್ ಗಾಡಿ ಬರುತ್ತದೆ, ಗಾಡಿಗಾಗಿ ದಾರಿ ಕಡಿಯಬೇಕಾಗುತ್ತದೆ. ಹುಲಿ ಕಂಡ ಜಾಗವನ್ನು ಒಂದು ಜೀಪಿನವರು ಇನ್ನೊಂದು ಜೀಪಿಗೆ ತಿಳಿಸುತ್ತಾರೆ, ಎಲ್ಲ ಜೀಪುಗಳೂ ಅದನ್ನು ಮುತ್ತುತ್ತವೆ. ಸಾಹೇಬರು ಬರೆದುಕೊಂಡರು. "ಅಡಿಗೆಯವನಾದ್ರೂ ಕಾಡಿನ ಮೇಲೆ ಕಾಳಜಿ ಇದೆ ಕಣ್ರಿ" ಎಂದು ಉಳಿದವರ ಕಡೆ ನೋಡಿದರು.

ನಾನು ಬೇಡ ಎಂದದ್ದು ಹುಲಿಗಾಗಿ ಅಲ್ಲ. 'ರೇಂಜ್ ಇರಲಿಲ್ಲ' ಎಂಬ ಮಾತಿನ ಮೇಲೆ ನನ್ನ ಒಂದು ಸುಳ್ಳು ನಿಂತಿತ್ತು. ಟವರ್ ಬಂದರೆ ಆ ಮಾತನ್ನು ಇನ್ನೆಂದೂ ಆಡಲು ಬರುತ್ತಿರಲಿಲ್ಲ. ಟವರ್ ಬರಲಿಲ್ಲ. ಚಿಕ್ಕವನಿಗೆ ಮಗಳು ಹುಟ್ಟಿದ ಸುದ್ದಿ ಮುಟ್ಟಿದ್ದು ಅವಳು ಹುಟ್ಟಿದ ಮೂರನೆಯ ದಿನ.

ಕ್ಯಾಂಪೆಂದರೆ ಎರಡು ಕೋಣೆ, ಸುತ್ತಲೂ ಆನೆ ದಾಟದಂತೆ ತೋಡಿದ ಕಂದಕ. ಸಂಜೆ ಆರಕ್ಕೆ ಕಂದಕದ ಮೇಲಿನ ಹಲಗೆ ಎಳೆದುಕೊಂಡು ಒಳಗೆ ಕೂಡುತ್ತೇವೆ. ಪ್ರಾಣಿಗಳು ಆರಾಮಾಗಿ ತಿರುಗಾಡುತ್ತವೆ, ದೊಡ್ಡಿಯಲ್ಲಿ ಇರುವವರು ನಾವು. ಅರ್ಧ ತಾಸು ನಡೆದರೆ ಒಂದು ಕರಿ ಬಂಡೆ. ಅದರ ನೆತ್ತಿಯಲ್ಲಿ, ಉತ್ತರದ ಮೂಲೆಗೆ ನಿಂತರೆ, ಫೋನಿನಲ್ಲಿ ಸಿಗ್ನಲ್ಲಿನ ಎರಡು ಕಡ್ಡಿ ಮೂಡುತ್ತವೆ. ಒಬ್ಬರೇ ಹೋಗುವಂತಿಲ್ಲ. ಚಿಕ್ಕವನು ಕೆಳಗೆ ಕಾವಲು ನಿಂತರೆ ನಾನು ಹತ್ತುತ್ತಿದ್ದೆ.

ಮೂರು ವರ್ಷದ ಹಿಂದಿನ ಮಾತು. ನನ್ನ ತಂಗಿ ಆಳಂದದ ಕಾಲೇಜಿನಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದಳು. ಹಿರೋಳ್ಳಿಯಿಂದ ದಿನಾ ಬಸ್ಸು. ನಮ್ಮ ಮನೆತನದಲ್ಲಿ ಅಷ್ಟು ಓದಿದಾಕೆ ಅವಳೊಬ್ಬಳೇ. ಆಗ ಜೇವರ್ಗಿಯಿಂದ ಒಂದು ಗಂಡು ಬಂತು. ಗಂಡಿನ ಸೋದರಮಾವ ಅಫಜಲಪುರದವರು, ನಮಗೂ ಪರಿಚಯದವರು. ಯಾರಿಗೋ ಹೇಳಿ ನನಗೆ ಈ ಅಡಿಗೆಯ ಕೆಲಸ ಕೊಡಿಸಿದವರೇ ಅವರು.

ಗುರುವಾರ ಬಂಡೆ ಹತ್ತಿದಾಗ ತಂಗಿಯ ಫೋನ್ ಬಂತು.

"ಅಣ್ಣಾ, ನನಗ ಇನ್ನೊಂದು ವರ್ಷ ಓದೂದದ. ಅಪ್ಪ ಎಲ್ಲಾ ನಿನ್ನ ಮ್ಯಾಲ ಹಾಕ್ಯಾನ. ನಿಮ್ಮಣ್ಣ ಬ್ಯಾಡ ಅಂದ್ರ ಬಿಡೂಣು ಅಂತಾನ. ಐತಾರದೊಳಗ ಅವ ಏನೂ ಅನ್ನಲಿಲ್ಲಂದ್ರ ಹೂಂ ಅಂದಂಗ, ಸೋಮಾರ ಸಕ್ರಿ ಹಂಚತೇನಿ ಅಂತಾನ."

"ಅಪ್ಪಗ ಫೋನ್ ಕೊಡು."

"ಹೊಲಕ್ಕ ಹೋಗ್ಯಾನ. ನೀನೇ ಮಾಡಬೇಕು. ಮಾಡ್ತಿ?"

"ಮಾಡ್ತೇನಿ ಬೇ. ನಾ ಇದ್ದೇನಿ."

"ಬಂಡೆ ಮ್ಯಾಲ ಕುಂತು ಮರ್ತಗಿರ್ತಿ ಮತ್ತ. ಮಂಗ್ಯಾಗಳ ಜೋಡಿ ನೀನೂ ಮಂಗ್ಯಾ ಆಗೀದಿ" ಎಂದು ನಕ್ಕಳು. ಆ ನಗುವಿನಲ್ಲಿ ಭರವಸೆಯಿತ್ತು.

ಶನಿವಾರ ಮತ್ತೆ ಹತ್ತಿದೆ, ಅಪ್ಪನಿಗೆ ಹೇಳಲೆಂದೇ. ಕಡ್ಡಿ ಮೂಡಿದ ಕೂಡಲೇ ಎರಡು ಮೆಸೇಜು ಬಿದ್ದವು. ಒಂದು ತಂಗಿ ಮಾತಾಡಿ ಕಳಿಸಿದ ದನಿಯ ಮೆಸೇಜು. ಇನ್ನೊಂದು ಅಫಜಲಪುರದ ಆ ಸೋದರಮಾವನದು: "ಎಲ್ಲಾ ಕೂಡಿ ಬಂದದ. ನಿನ್ನ ಕೆಲಸ ಹೆಂಗ ನಡದದ?" ಅಷ್ಟೇ. ಬೆದರಿಕೆಯೇನೂ ಇರಲಿಲ್ಲ, ಆದರೂ ಅದನ್ನು ಎರಡು ಸಲ ಓದಿದೆ. ಅವರನ್ನು ಎದುರು ಹಾಕಿಕೊಂಡರೆ ಈ ಕೆಲಸ ಹೋಗುತ್ತದೆ, ಕೆಲಸ ಹೋದರೆ ತಿರುಗಿ ಅಪ್ಪನ ಕೈಕೆಳಗೆ ಹೋಗಿ ಬೈಸಿಕೊಂಡು ಬಾಳಬೇಕು. ಅಪ್ಪನ ಬಾಯಿಗೆ ಹೆದರಿಯೇ ನಾನು ಕಾಡು ಸೇರಿದ್ದು.

ಅಪ್ಪನ ನಂಬರ್ ತೆಗೆದೆ, ಒತ್ತಲಿಲ್ಲ. ತಂಗಿಯ ದನಿಯನ್ನೂ ತೆರೆಯಲಿಲ್ಲ. ತೆರೆದರೆ ಟಿಕ್ ನೀಲಿಯಾಗಿ ನಾನು ಕೇಳಿದ್ದು ಅವಳಿಗೆ ಗೊತ್ತಾಗುತ್ತದೆ ಎಂಬಷ್ಟು ನನಗೆ ತಿಳಿದಿತ್ತು.

"ರೇಂಜ್ ಸಿಕ್ತಾ ಅಣ್ಣ?" ಎಂದು ಕೆಳಗಿನಿಂದ ಚಿಕ್ಕವನು ಕೂಗಿದ.

"ಇಲ್ಲ" ಎಂದೆ.

ಭಾನುವಾರ ಸೊಂಟ ಹಿಡಿದಿದೆ ಎಂದು ಹೇಳಿ ಕ್ಯಾಂಪಿನಲ್ಲೇ ಉಳಿದೆ. ಯಾರೂ ಕೇಳದಿದ್ದರೂ ಒಂದು ಬುಟ್ಟಿ ಜೋಳದ ರೊಟ್ಟಿ ಬಡಿದೆ. ಸೋಮವಾರ ಊರಿನಲ್ಲಿ ಸಂಬಂಧ ಗಟ್ಟಿಯಾಯಿತೆಂದು ಸಕ್ಕರೆ ಹಂಚಿದರು. ಮದುವೆಗೆ ಹೋದಾಗ ಎಲ್ಲರ ಮುಂದೆ "ಕಾಡಿನ್ಯಾಗ ರೇಂಜ್ ಎಲ್ಲಿರ್ತದ್ರಿ" ಎಂದೆ. ಎಲ್ಲರೂ ಹೌದು ಹೌದು ಎಂದರು. ತಂಗಿ ಅರಿಶಿಣ ಹಚ್ಚಿದ ಮುಖ ಎತ್ತಿ ಒಮ್ಮೆ ನೋಡಿ "ಹೌದೇನು" ಎಂದಳು.

ಈ ವರ್ಷ ರಜೆಗೆ ಊರಿಗೆ ಹೋಗಿ ಮರಳುವಾಗ ಅವಳೂ ತವರಿಗೆ ಬಂದು ಜೇವರ್ಗಿಗೆ ಹೊರಟಿದ್ದಳು. ಆಳಂದದ ಬಸ್ ನಿಲ್ದಾಣದಲ್ಲಿ ಕಲಬುರಗಿ ಬಸ್ಸಿಗಾಗಿ ಇಬ್ಬರೇ ಕುಳಿತಿದ್ದೆವು.

"ಈಗರೆ ನಿಮ್ಮಲ್ಲಿ ಟವರ್ ಬಂತೇನು?" ಎಂದಳು.

"ಬರಂಗಿಲ್ಲ. ಕಾಡಿಗೆ ಛಲೋ ಅಲ್ಲ ಅದು."

"ನಮ್ಮಲ್ಲಿ ಮನಿ ಬೆನ್ನಿಗೇ ಟವರ್ ಅದ ಅಣ್ಣಾ. ಕಡ್ಡಿ ತುಂಬಿರ್ತಾವ. ಮಾತಾಡಾಕ ಜಾಗಿಲ್ಲ. ಅತ್ತಿ ಬಾಜೂಕ ಕುಂತು ಸ್ಪೀಕರಿಗೆ ಹಾಕು, ನಾವೂ ಕೇಳ್ತೇವಿ ಅಂತಾರ."

ಶೇಂಗಾ ಸುಲಿಯತೊಡಗಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಅವತ್ತ ಶನಿವಾರ ಹನ್ನೊಂದಕ್ಕ ಎರಡು ಟಿಕ್ ಬಿದ್ದಿದ್ವು."

ನನಗೆ ತಿಳಿಯಲಿಲ್ಲ.

"ಒಂದು ಟಿಕ್ ಇದ್ರ ಹೋಗಿಲ್ಲಂತ. ಎರಡು ಬಿದ್ರ ಫೋನಿಗೆ ಮುಟ್ಟೇದಂತ. ತೆರದ್ರ ನೀಲಿ. ನಿನಗ ನೀಲಿ ಒಂದೇ ಗೊತ್ತಿತ್ತು, ಹೌದಲ್ಲ?"

ಮೂರು ವರ್ಷ ಅವಳು ಇದನ್ನು ಒಳಗಿಟ್ಟುಕೊಂಡೇ ನನಗೆ ರಾಖಿ ಕಟ್ಟಿದ್ದಳು.

"ಮೂರನೇ ವರ್ಷದ ಪರೀಕ್ಷಾ ಹೊರಗಿಂದ ಕಟ್ಟಾಕ ಬರ್ತದಂತ" ಎಂದಳು. "ಅರ್ಜಿಗೆ ಬರೂ ಶುಕ್ರವಾರ ಕಡೀ ದಿನ. ನಮ್ಮ ಅತ್ತಿ ಮನ್ಯಾಗ ಅಫಜಲಪುರದ ಸೋದರಮಾವನ ಮಾತು ಯಾರೂ ಮೀರಂಗಿಲ್ಲ. ಈ ಸಲರೆ ಅವರಿಗೆ ಒಂದು ಮಾತು ಹೇಳ್ತಿ?"

"ಹೇಳ್ತೇನಿ."

ಅವಳು ನಗಲಿಲ್ಲ. ಬಸ್ಸು ಬಂತು.

ಸೋದರಮಾವನಿಗೆ ದಾರಿಯಲ್ಲೇ ಫೋನ್ ಹಚ್ಚಬಹುದಿತ್ತು, ನಾಳೆ ನಾಳೆ ಎಂದು ಮುಂದೂಡಿದೆ. ಕ್ಯಾಂಪಿಗೆ ಮುಟ್ಟಿದ ಮೇಲೆ ಟವರಿನ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ಆ ಶನಿವಾರ ರೇಂಜ್ ಇತ್ತು, ಧೈರ್ಯ ಇರಲಿಲ್ಲ. ಅದನ್ನು ಯಾವ ಟವರೂ ಕೊಡುತ್ತಿರಲಿಲ್ಲ. ಆದರೂ ನನ್ನ ಸುಳ್ಳಿನ ದಂಡವನ್ನು ಚಿಕ್ಕವನ ಮಗಳು ಯಾಕೆ ತೆರಬೇಕು? ಸಾಹೇಬರು ಮತ್ತೆ ಬಂದರೆ ಹೇಳಬೇಕು: ಜೀಪಿನ ದಾರಿಗೆ ಬೇಡ, ಕಂದಕದೊಳಗೆ ಇರುವವರಿಗೆ ಚಿಕ್ಕದೊಂದು ಟವರ್ ಕೊಡ್ರಿ.

ಗುರುವಾರ ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಬಂಡೆ ಹತ್ತಿದೆ. ಮೊದಲು ತಂಗಿಯ ಹಳೆಯ ದನಿ ತೆರೆದೆ. ಹಿಂದೆ ಕೋಳಿ ಕೂಗುತ್ತಿತ್ತು. "ಅಣ್ಣಾ, ಕಾರಣ ನಾ ಹೇಳ್ತೇನಿ, ಬೈಸ್ಕೊಳ್ಳೂದು ನಾ ಬೈಸ್ಕೊಳ್ತೇನಿ. ನೀ ಬ್ಯಾಡ ಅನ್ನು ಅಷ್ಟ." ಆಮೇಲೆ ಅಫಜಲಪುರದ ಸೋದರಮಾವನಿಗೆ ಫೋನ್ ಹಚ್ಚಿದೆ.

"ಏನಪಾ ಅಡಿಗಿಭಟ್ಟ, ಹುಲಿಗೆ ಏನು ಉಣಸಾಕತ್ತಿ?" ಎಂದು ಅವರು ನಕ್ಕರು.

"ಕಾಕಾರ, ತಂಗಿ ಪರೀಕ್ಷಾ ಕಟ್ಟಬೇಕಂತಾಳ. ನಾಳೆ ಕಡೀ ದಿನ. ಕಟ್ಟಸ್ರಿ. ಅವತ್ತ ನಾ ಬ್ಯಾಡ ಅನ್ನಬೇಕಾಗಿತ್ತು, ಅನ್ನಲಿಲ್ಲ. ಈಗ ಅನ್ನಾಕತ್ತೇನಿ."

"ಹಲೋ? ಏನಂದಿ? ಹಲೋ..."

ಕಡ್ಡಿಗಳು ಮಾಯವಾದವು. ಮೂಲೆಯಿಂದ ಮೂಲೆಗೆ ಓಡಾಡಿದೆ. ಎಷ್ಟು ಸಲ ಹಚ್ಚಿದರೂ ಫೋನ್ ತಾಗಲಿಲ್ಲ. ತಂಗಿಗೆ ಬರೆದೆ: "ಹೇಳೇನಿ. ನಡುವ ಕಟ್ ಆತು. ಮತ್ತ ಹೇಳ್ತೇನಿ." ಅದರ ಮುಂದೆ ಗಡಿಯಾರದ ಗುರುತಷ್ಟೇ, ಒಂದು ಟಿಕ್ ಕೂಡ ಬೀಳಲಿಲ್ಲ.

"ಇಳಿಯಣ್ಣ, ಆನೆ ಬರೋ ಹೊತ್ತು" ಎಂದು ಚಿಕ್ಕವನು ಕೂಗಿದ. "ರೇಂಜಿಲ್ವಾ?"

"ಇಲ್ಲಪ್ಪ" ಎಂದೆ. ನನಗೇ ಅದು ಸುಳ್ಳಿನಂತೆ ಕೇಳಿಸಿತು. ಇಳಿಯಲಿಲ್ಲ. ಕೈ ಎತ್ತಿ ಫೋನನ್ನು ಉತ್ತರಕ್ಕೆ ಹಿಡಿದು ನಿಂತೆ.